ಮೂವತ್ತೊಂದು ಮುದ್ರೆಗಳ ಕಾರು

ಇಸ್ಮನಾಲಿ ಸುಳ್ಳುಗಾರನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಓದುತ್ತಾ ಹೋದಂತೆ ನಿಮಗೆ ಅನುಮಾನ ಬರಬಹುದು. ಅವನ ತಲೆಗೂ ಬಾಯಿಗೂ ನಡುವೆ ದೇವರು ಇಟ್ಟಿರಬೇಕಾದ ಬಾಗಿಲಿಗೆ ಚಿಲಕ ಹಾಕುವುದು ಮರೆತುಹೋಗಿದೆ, ಅಷ್ಟೇ. ತಲೆಯಲ್ಲಿ ಏನು ಓಡಾಡುತ್ತಿರುತ್ತದೋ ಅದು ಹೇಳದೆ ಕೇಳದೆ ಹೊರಗೆ ಬಂದು ನಿಲ್ಲುತ್ತದೆ. ದೊಡ್ಡ ಕೆರೆಯೊಂದರ ಈ ತುದಿಯಲ್ಲಿರುವ ಕರಾಕೋಲ್ ಊರಿನ ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತು. ಇಪ್ಪತ್ತೆರಡು ವರ್ಷದಿಂದ ಅವನು ಮನೆಮನೆಯ ಕರೆಂಟು ಮೀಟರ್ ಓದುತ್ತಾನೆ, ಓದಿದ್ದನ್ನು ಗಟ್ಟಿಯಾಗಿ ಹೇಳುತ್ತಾನೆ. ಹಾಗಾಗಿ ಯಾರ ಮನೆಯಲ್ಲಿ ಎಷ್ಟು ದೀಪ ಉರಿಯಿತು ಎಂಬುದು ಇಲ್ಲಿ ಯಾವತ್ತೂ ಗುಟ್ಟಾಗಿ ಉಳಿದಿಲ್ಲ.

ನಾನು ಪಕ್ಕದ ಮನೆಯ ಚೊರೊ. ಕಾರು ರಿಪೇರಿ ನನ್ನ ಕೆಲಸ. ಕಾರು ಎಂದರೆ ಲಾಡಾ. ಲಾಡಾಗೆ ಬರುವ ರೋಗಗಳೆಲ್ಲ ನನಗೆ ಬಾಯಿಪಾಠ, ಮದ್ದೂ ಮೂರೇ: ತಂತಿ, ಸುತ್ತಿಗೆ, ಬೈಗುಳ.

ಆ ಮಂಗಳವಾರ ನಾನು ಇಸ್ಮನಾಲಿಯ ಲಾಡಾದ ಕೆಳಗೆ ಮಲಗಿದ್ದೆ. ಅವನು ಪಕ್ಕದಲ್ಲಿ ನಿಂತು ನನಗೆ ಬೇಡದ ಸಲಹೆ ಕೊಡುತ್ತಿದ್ದ. ಆಗ ಅವನ ಫೋನು ರಿಂಗಾಯಿತು. ಕೆರೆಯ ಆಚೆ ತುದಿಯ ಬಾಲಿಕ್ಚಿಯಿಂದ ಜಾಂತಾಯ್ ಮಾತಾಡುತ್ತಿದ್ದರು. ಅವರು ಉಣ್ಣೆ ವ್ಯಾಪಾರಿ. ಅವರ ಮಗನಿಗೆ ಇಸ್ಮನಾಲಿಯ ಮಗಳು ಐಜಿರೆಕ್‌ಳನ್ನು ಕೊಡುವ ಮಾತಾಗಿತ್ತು. ಶುಕ್ರವಾರ ಬಂದು ಹುಡುಗಿಯ ಕಿವಿಗೆ ಓಲೆ ಹಾಕಿ ಸಂಬಂಧ ಗಟ್ಟಿಮಾಡುವ ಶಾಸ್ತ್ರ ಮುಗಿಸುತ್ತೇವೆ ಎಂದರು. ಅವರ ದನಿ ಕಾರಿನ ಕೆಳಗಿದ್ದ ನನಗೂ ಕೇಳುವಷ್ಟು ದೊಡ್ಡದು.

"ಒಂದು ಕಷ್ಟ ಇದೆ ಬೀಗರೇ. ನಿಮ್ಮ ಬೀದೀಲಿ ಎಲ್ಲಾ ಗೇಟೂ ನೀಲಿ ಅಂತಲ್ಲ. ನಿಮ್ಮನೆ ಹೇಗೆ ಗುರ್ತು ಹಿಡಿಯೋದು?"

"ಅದೇನ್ ಮಹಾ ಬೀಗರೇ," ಎಂದ ಇಸ್ಮನಾಲಿ. "ಗೇಟಿನ ಮುಂದೆ ದೊಡ್ಡ ಕರೀ ಜರ್ಮನ್ ಕಾರು ನಿಂತಿರುತ್ತೆ. ಅದೇ ನಮ್ಮನೆ."

ನನ್ನ ಹಣೆ ಲಾಡಾದ ಹೊಟ್ಟೆಗೆ ಬಡಿಯಿತು. ಆ ಕಡೆ ಜಾಂತಾಯ್, "ಓಹೋ, ಹಾಗೋ," ಎಂದು ಫೋನು ಇಟ್ಟರು.

ನಾನು ಹೊರಗೆ ತೆವಳಿ ಬಂದೆ. "ಯಾವ ಕಾರು ಇಸ್ಮನಾಲಿ?"

"ಅದೇ ನಾನೂ ಯೋಚ್ನೆ ಮಾಡ್ತಿದೀನಿ," ಎಂದ.

ಅವನ ತಲೆಯಲ್ಲಿ ಓಡಾಡುತ್ತಿದ್ದ ಕಾರು ರಿಸ್ಕುಲ್‌ನ ಅಂಗಳದ್ದು. ರಿಸ್ಕುಲ್ ಹಳೆ ಕಾರುಗಳನ್ನು ತಂದು ಮಾರುವವನು. ಪ್ರತಿ ಭಾನುವಾರ ದನದ ಸಂತೆಯಿಂದ ವಾಪಸು ಬರುವಾಗ ಇಸ್ಮನಾಲಿ ಅವನ ಬೇಲಿಯ ಹತ್ತಿರ ನಿಂತು ಆ ಕರಿ ಕಾರನ್ನು ನೋಡುತ್ತಿದ್ದ. ಹದಿನೆಂಟು ವರ್ಷದ ಹಳೆಯ ಗಾಡಿ. ಆದರೂ ಮೈಯೆಲ್ಲ ಹೊಳಪು, ಒಳಗೆ ಕೆನೆಬಣ್ಣದ ಚರ್ಮದ ಸೀಟು, ಬಾಗಿಲು ಹಾಕಿದರೆ ಜಾಣ ಮಗು ಬಾಯಿ ಮುಚ್ಚಿದಂಥ ಮೆಲುಸದ್ದು. ಲಾಡಾದ ಬಾಗಿಲು ಮುಚ್ಚಿದರೆ ಎದುರು ಬೀದಿಯ ಕೋಳಿಗಳು ಹಾರುತ್ತವೆ.

ಬುಧವಾರ ಇಬ್ಬರೂ ರಿಸ್ಕುಲ್‌ನ ಹತ್ತಿರ ಹೋದೆವು.

"ಬೆಲೆ ನಿಮಗೋಸ್ಕರ ಇಳ್ಸಿದೀನಿ ಇಸ್ಮನಾಲಿ ಅಣ್ಣ," ಎಂದ ರಿಸ್ಕುಲ್. "ನಿಮ್ಮ ಲಾಡಾ, ಅದರ ಜೊತೆ ನಿಮ್ಮನೇಲಿರೋ ಆ ಮೂರು ಹೆಣ್ಣುಕುದುರೆ. ಅಷ್ಟೇ."

ಅಷ್ಟೇ ಎಂದನಲ್ಲ, ಆ ಮೂರು ಕುದುರೆಗಳು ಇಸ್ಮನಾಲಿಯ ಹೆಂಡತಿ ಸಾಲ್ಕಿನ್‌ಳ ಪ್ರಾಣ. ಮೇ ತಿಂಗಳಿಂದ ಆಗಸ್ಟಿನವರೆಗೆ ಅವುಗಳ ಹಾಲು ಹುಳಿಯಿಸಿ ಕುಮಿಸ್ ಮಾಡಿ ರಸ್ತೆ ಬದಿಯಲ್ಲಿ ಮಾರುತ್ತಾಳೆ. ಮೀಟರ್ ಓದಿ ಬರುವ ಸಂಬಳ ಒಲೆಗೆ, ಕುಮಿಸ್ ದುಡ್ಡು ಮಗಳ ಮದುವೆಗೆ. ಅದರಲ್ಲೂ ತೋರು ಎಂಬ ಕಂದು ಕುದುರೆಗೆ ದಿನ ತುಂಬಿತ್ತು.

ನಾನು ಕಸುಬುದಾರನ ಗತ್ತಿನಲ್ಲಿ ಕೇಳಿದೆ: "ಸರ್ವಿಸ್ ಮಾಡ್ಸಿರೋ ದಾಖಲೆ ಇದೆಯಾ?"

ರಿಸ್ಕುಲ್ ಇದೇ ಪ್ರಶ್ನೆಗೆ ಕಾದಿದ್ದವನಂತೆ ಒಳಗಿಂದ ಒಂದು ಪುಸ್ತಕ ತಂದು ಬಾನೆಟ್ ಮೇಲೆ ಇಟ್ಟ. ಕರಿ ರಟ್ಟು, ಒಳಗೆ ಮಡಿಸಿಟ್ಟ ಹಾಳೆಗಳು ತುಂಬಿ ಹೊಟ್ಟೆ ಉಬ್ಬಿತ್ತು. ಪುಟಪುಟಕ್ಕೂ ನೇರಳೆ ಮುದ್ರೆ.

"ಮೂವತ್ತೊಂದು ಮುದ್ರೆ," ಎಂದ. "ಎಲ್ಲಾ ಜರ್ಮನ್ ವರ್ಕ್‌ಶಾಪಿಂದು. ಇಷ್ಟು ಮುದ್ರೆ ಇರೋ ಇನ್ನೊಂದು ಕಾರು ಈ ಕೆರೆ ಸುತ್ತಮುತ್ತ ತೋರ್ಸಿ, ಮೀಸೆ ಬೋಳಿಸ್ಕೋತೀನಿ."

ಜರ್ಮನ್ ನಮಗಿಬ್ಬರಿಗೂ ಬರುವುದಿಲ್ಲ. ಆದರೆ ಮುದ್ರೆ ಬರುತ್ತದೆ. ನಮ್ಮ ಕಾಲದವರಿಗೆಲ್ಲ ಒಂದೊಂದು ಕೆಲಸದ ಪುಸ್ತಕ ಇತ್ತು. ಸೇರಿದ್ದಕ್ಕೆ ಮುದ್ರೆ, ಬಡ್ತಿಗೆ ಮುದ್ರೆ, ಮೆಚ್ಚುಗೆಗೆ ಮುದ್ರೆ. ಯಾರ ಪುಸ್ತಕದಲ್ಲಿ ಮುದ್ರೆ ಹೆಚ್ಚೋ ಅವನು ದೊಡ್ಡ ಮನುಷ್ಯ. ಇಸ್ಮನಾಲಿಯ ಪುಸ್ತಕದಲ್ಲಿ ಇರುವುದೇ ನಾಲ್ಕು. ಮೂವತ್ತೊಂದು ಮುದ್ರೆ ಕಂಡು ಅವನು ಟೊಪ್ಪಿಗೆ ತೆಗೆದ. ಸುಳ್ಳೇಕೆ ಹೇಳಲಿ, ನಾನೂ ತೆಗೆದೆ. ಕಾರನ್ನು ಮೂವತ್ತೊಂದು ಸಲ ವರ್ಕ್‌ಶಾಪಿಗೆ ಯಾಕೆ ಒಯ್ಯುತ್ತಾರೆ ಎಂಬ ಪ್ರಶ್ನೆ ಒಬ್ಬ ಮೆಕ್ಯಾನಿಕ್‌ಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

"ಭಾನುವಾರದ ತನಕ ಮನೇಲಿಟ್ಕೊಂಡು ನೋಡಿ," ಎಂದ ರಿಸ್ಕುಲ್. "ಲಾಡಾ ಇಲ್ಲಿರ್ಲಿ. ಇಷ್ಟ ಆದ್ರೆ ಭಾನುವಾರ ಕುದುರೆ ತನ್ನಿ. ಇಷ್ಟ ಆಗ್ಲಿಲ್ವಾ, ಕಾರು ತನ್ನಿ. ಆದ್ರೆ ಹೋದಂಗೇ ವಾಪಸ್ ಬರ್ಬೇಕು. ಏನಾದ್ರೂ ಆದ್ರೆ ಅದು ನಿಮ್ದೇ."

ಇಸ್ಮನಾಲಿ ಕೈ ಕುಲುಕಿದ. ದಾರಿಯಲ್ಲಿ ನನ್ನ ಕಿವಿಯಲ್ಲಿ ಹೇಳಿದ: "ಶುಕ್ರವಾರ ಒಂದಿನ ಗೇಟ್ ಮುಂದೆ ನಿಲ್ಸೋದು, ಭಾನುವಾರ ವಾಪಸ್ ಕೊಡೋದು. ಕುದುರೆ ಕೊಡೋಕೆ ನಂಗೇನು ಹುಚ್ಚಾ? ಸಾಲ್ಕಿನ್ ನನ್ನನ್ನೇ ಕಟ್ಟಿಹಾಕಿ ಹಾಲು ಕರೀತಾಳೆ."

ಇದಕ್ಕಿಂತ ಒಳ್ಳೆಯ ಯೋಜನೆ ಅವನ ತಲೆಯಿಂದ ಹಿಂದೆಂದೂ ಹೊರಟಿರಲಿಲ್ಲ. ನಮ್ಮ ಬೀದಿಗೆ ತಿರುಗುವವರೆಗೂ ಅದು ಚೆನ್ನಾಗಿಯೇ ಇತ್ತು.

ಬೀದಿಯ ಮೊದಲ ಮನೆಯಲ್ಲಿ ಕನಿಶಾಯ್ ಅಕ್ಕ ಇದ್ದಾರೆ. ನಲವತ್ತು ವರ್ಷ ಶಾಲೆಯಲ್ಲಿ ಜರ್ಮನ್ ಕಲಿಸಿದವರು, ಈಗ ಕೋಳಿ ಸಾಕುತ್ತಾರೆ. ಕಾರು ಕಂಡ ಕೂಡಲೇ ಕೈಯ ಕಾಳನ್ನು ಕೊಡವಿ ರಸ್ತೆಗೆ ಬಂದರು. ಜೇಬಿನಿಂದ ಇನ್ನೂರು ಸೋಮ್ ನೋಟು ತೆಗೆದು ಕಿಟಕಿಯೊಳಗೆ ಚಾಚಿದರು.

"ಕೊರುಮ್‌ದುಕ್ ತಗೋ ತಮ್ಮ. ಮೊದ್ಲು ಕಂಡಿದ್ದು ನಾನು."

ಹೊಸ ಸೊಸೆ ಬರಲಿ, ಹೊಸ ಮಗು ಬರಲಿ, ಹೊಸ ಗಾಡಿ ಬರಲಿ, ಮೊದಲ ಸಲ ನೋಡಿದವರು ಬರಿಗೈಯಲ್ಲಿ ನೋಡಬಾರದು. ಆ ಕಾಣಿಕೆಯೇ ಕೊರುಮ್‌ದುಕ್. ತೆಗೆದುಕೊಂಡವನು, ಹೌದು ಇದು ನನ್ನದು ಎಂದು ಊರಿನ ಮುಂದೆ ಒಪ್ಪಿಕೊಂಡ ಹಾಗೆ. ಇಸ್ಮನಾಲಿ ಏನಾದರೂ ಹೇಳಬೇಕಿತ್ತು. ಅವನ ಬಾಯಿ ಜೀವಮಾನದಲ್ಲಿ ಒಂದೇ ಒಂದು ಸಲ ಮುಚ್ಚಿಕೊಂಡಿದ್ದು ಆಗಲೇ. ಅದರ ಬದಲು ಕೈ ತೆರೆದುಕೊಂಡಿತು.

"ಇಸ್ಮನಾಲಿ, ತಗೋಬೇಡ," ಎಂದೆ ಮೆಲ್ಲಗೆ.

"ತಗೊಂಡಾಯ್ತು," ಎಂದ ಅವನೂ ಮೆಲ್ಲಗೆ.

ಮನೆ ಮುಟ್ಟುವಷ್ಟರಲ್ಲಿ ಹನ್ನೊಂದು ಮನೆಯವರು ಕಾಣಿಕೆ ಕೊಟ್ಟಿದ್ದರು. ಜೊತೆಯಲ್ಲಿ ಕೂತಿದ್ದ ನಾನು ಸುಮ್ಮನಿದ್ದರೆ ಜನ ಏನಂದಾರು ಎಂದು ನಾನೂ ನೂರು ಸೋಮ್ ಕೊಟ್ಟೆ. ಇಸ್ಮನಾಲಿ ಅದನ್ನೂ ಇಸಿದುಕೊಂಡ. ಕೊನೆಗೆ ಬೀದಿಯ ಹಿರಿಯ ಸುಯುನ್‌ಬಾಯ್ ತಾತ ಕೋಲೂರಿಕೊಂಡು ಬಂದರು. ಎಂಬತ್ತೆಂಟು ವರ್ಷದ ಬಿಳಿಗಡ್ಡ. ಒಂದು ಕಾಲಕ್ಕೆ ಸಾಮೂಹಿಕ ಫಾರ್ಮಿನ ಕುದುರೆ ಹಿಂಡೆಲ್ಲ ಅವರ ಸುಪರ್ದಿಯಲ್ಲಿತ್ತು. ಕಾರಿನ ಸುತ್ತ ಒಂದು ಸಲ ನಡೆದರು, ಚಕ್ರ ತಟ್ಟಿದರು, ಎರಡೂ ಅಂಗೈ ಎತ್ತಿ ಹರಸಿದರು: "ಎದ್ದು ನಿಂತಿರೋ ಈ ಗಾಡಿ ಹೀಗೇ ನಿಂತಿರ್ಲಿ. ನಿನ್ನ ಮೊಮ್ಮಕ್ಕಳೂ ಇದರಲ್ಲೇ ಓಡಾಡ್ಲಿ. ಆಮೀನ್." ಬೀದಿಯೆಲ್ಲ ಮುಖದ ಮೇಲೆ ಕೈ ಸವರಿಕೊಂಡಿತು.

ಸಾಲ್ಕಿನ್ ಗೇಟಿನಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಜನ ಚದುರಿದ ಮೇಲೆ ಕೇಳಿದಳು:

"ನೋಡೋಕೆ ತಂದಿದ್ದು ಅಂದ್ಯಲ್ಲ?"

"ಹೌದು. ಎಲ್ರೂ ನೋಡಿದ್ರು."

"ನನ್ನ ಕುದುರೆ?"

"ಅವೆಲ್ಲಿಗೂ ಹೋಗಲ್ಲ ಕಣೆ."

"ಭಾನುವಾರ ಇದನ್ನ ವಾಪಸ್ ಕೊಟ್ರೆ, ಕಂಡೋರ ಕಾರಿಗೆ ಕಾಣಿಕೆ ಎತ್ತಿದ ಅಂತ ಊರೆಲ್ಲ ಉಗಿಯುತ್ತೆ. ಕೊಡ್ದೇ ಇದ್ರೆ ಕುದುರೆ ಹೋಗುತ್ತೆ. ನೀನು ಮೀಟರ್ ಓದೋನಲ್ವಾ, ಇದನ್ನೊಂಚೂರು ಓದಿ ಹೇಳು."

ಅವನು ಓದಲಿಲ್ಲ. ಸರ್ವಿಸ್ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಕನಿಶಾಯ್ ಅಕ್ಕನ ಮನೆಗೆ ಹೋಗಿ, ಮೂವತ್ತೊಂದು ಮುದ್ರೆಗಳಲ್ಲಿ ಎಂತೆಂಥ ಹೊಗಳಿಕೆ ಇದೆಯೋ ಓದಿ ಹೇಳಿ ಎಂದ. ಅಕ್ಕನ ಕನ್ನಡಕವನ್ನು ಕೋಳಿ ತುಳಿದಿತ್ತು. ರಿಪೇರಿಗೆ ಕೊಟ್ಟಿದ್ದು ಶುಕ್ರವಾರ ಬರುತ್ತದೆ, ಓಲೆ ಶಾಸ್ತ್ರಕ್ಕೆ ಬಂದಾಗ ಎಲ್ಲರ ಮುಂದೆಯೇ ಓದುತ್ತೇನೆ ಎಂದರು. ಬೀಗರ ಮುಂದೆ ಓದಿದರೆ ಇನ್ನೂ ಒಳ್ಳೆಯದು ಎಂದು ಇಸ್ಮನಾಲಿ ಖುಷಿಪಟ್ಟ.

ಗುರುವಾರ ಬೆಳಗ್ಗೆ ಅವನು ನನ್ನ ಕಿಟಕಿ ಬಡಿದ. ಮುಖ ಹುಳ್ಳಗಿತ್ತು.

"ಚೊರೊ, ಕಾರು ಕೂತ್ಕೊಂಡಿದೆ."

ಹೋಗಿ ನೋಡಿದೆ. ಕೂತಿತ್ತು. ಮುಂದಿನ ಎರಡೂ ಕಡೆ ನೆಲಕ್ಕೆ ಇಳಿದು, ಹೊರೆ ಇಳಿಸಲು ಮಂಡಿಯೂರಿದ ಒಂಟೆಯ ಹಾಗೆ ಮೂತಿಯನ್ನು ಮಣ್ಣಿಗೆ ಊರಿಕೊಂಡಿತ್ತು. ಚಕ್ರದಲ್ಲಿ ಗಾಳಿ ಇದೆ, ಪಂಕ್ಚರ್ ಇಲ್ಲ. ಲಾಡಾಗೆ ಈ ರೋಗ ಇಲ್ಲವಾದ್ದರಿಂದ ನಾನು ಬಾಯಿ ಬಿಟ್ಟುಕೊಂಡು ನಿಂತೆ. ಎಂಜಿನ್ ಚಾಲೂ ಮಾಡಿದರೆ ಹೊಟ್ಟೆಯೊಳಗೆ ಏನೋ ನರಳಿತು. ಕಾಲು ಗಂಟೆ ಮುಲುಕಿ ಮುಲುಕಿ ನಿಧಾನಕ್ಕೆ ಎದ್ದಿತು. ಆರಿಸಿದೆವು. ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಕೂತಿತ್ತು.

ಹಾದುಹೋಗುತ್ತಿದ್ದವರು ನಿಂತರು. "ಏನಾಯ್ತು ಇಸ್ಮನಾಲಿ?"

"ಇದು ದೊಡ್ಡೋರ ಕಾರು," ಎಂದ ಅವನು, ಎದೆ ಮುಂದೆ ಮಾಡಿ. "ವಯಸ್ಸಾದೋರು ಹತ್ತೋಕೆ ಕಷ್ಟ ಆಗ್ಬಾರ್ದು ಅಂತ ತಾನೇ ಬಗ್ಗುತ್ತೆ. ನಮ್ಮ ಲಾಡಾ ಯಾರಿಗಾದ್ರೂ ಬಗ್ಗಿದ್ದು ನೋಡಿದೀರಾ?"

ಜನ ಮೆಚ್ಚಿಕೊಂಡರು. ಮರ್ಯಾದೆ ಗೊತ್ತಿರುವ ಕಾರು ಎಂಬ ಮಾತು ಮಧ್ಯಾಹ್ನದೊಳಗೆ ಮುಂದಿನ ಬೀದಿಯನ್ನೂ ತಲುಪಿತು.

ನಾನು ರಾಜಧಾನಿ ಬಿಷ್ಕೆಕ್‌ನ ಒಬ್ಬ ಬಿಡಿಭಾಗದ ಅಂಗಡಿಯವನಿಗೆ ಫೋನು ಮಾಡಿದೆ. ಕಾರಿನ ಹೆಸರು, ವರ್ಷ ಕೇಳಿದವನು ಮೊದಲು "ಅಯ್ಯೋ ಪಾಪ" ಎಂದ. ಈ ಗಾಡಿಗಳಿಗೆ ಸ್ಪ್ರಿಂಗ್ ಇಲ್ಲ, ಗಾಳಿ ತುಂಬಿದ ಚೀಲದ ಮೇಲೆ ನಿಂತಿರುತ್ತವೆ, ಚೀಲ ಸೋರಿದರೆ ಕೂತುಬಿಡುತ್ತವೆ ಎಂದು ವಿವರಿಸಿ ಬೆಲೆ ಹೇಳಿದ. ನಾನು ಅದನ್ನು ಇಸ್ಮನಾಲಿಗೆ ತಿಳಿಯುವಂತೆ ಹೇಳಬೇಕಾಯಿತು.

"ಮುಂದಿನ ಒಂದು ಕಾಲಿಗೆ ಒಂದು ಹಸು."

"ಹಾಲು ಕೊಡೋ ಹಸುವಾ?"

"ಕರು ಸಮೇತ. ಗಾಳಿ ಊದೋ ಯಂತ್ರ ಹೋಗಿದ್ರೆ ಆರು ಕುರಿ. ಗೇರ್ ಪೆಟ್ಟಿಗೆ ಕೈ ಕೊಟ್ರೆ ಒಂದು ಕುದುರೆ. ಮುಂದಿನ ಒಂದು ದೀಪ ಒಡೆದ್ರೆ ಎರಡು ಕುರಿ. ಎಣ್ಣೆ ಬದಲಾಯಿಸೋದು ವರ್ಷಕ್ಕೆರಡು ಸಲ, ಸಲಕ್ಕೊಂದು ಕುರಿ."

"ಸುಮ್ನೆ ನಿಲ್ಸಿಟ್ರೆ?"

"ಸುಮ್ನೆ ನಿಂತಿದ್ದಕ್ಕೇ ಹೀಗಾಗಿದೆ."

ಇಸ್ಮನಾಲಿ ತಲೆ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕುಸಿದ. ಹೋದ ಹಾಗೇ ವಾಪಸು ಬರಬೇಕು ಎಂದಿದ್ದ ರಿಸ್ಕುಲ್. ಈಗ ವಾಪಸು ಕೊಡಬೇಕಾದರೂ ಎರಡು ಹಸು ಬೇಕು. ಕೊಟ್ಟಿಗೆಯಲ್ಲಿ ಸಾಲ್ಕಿನ್ ತೋರುವಿನ ಹೊಟ್ಟೆ ಸವರುತ್ತಾ ಅದಕ್ಕೇನೋ ಹೇಳುತ್ತಿದ್ದಳು. ಅವಳು ನಮ್ಮ ಕಡೆ ತಿರುಗಲೇ ಇಲ್ಲ. ಬೈದಿದ್ದರೆ ಇಸ್ಮನಾಲಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಬೀಗರು ಬಂದರು. ಜಾಂತಾಯ್, ಅವರ ಹೆಂಡತಿ, ಮದುಮಗ, ಇನ್ನಿಬ್ಬರು ನೆಂಟರು, ಎಲ್ಲರೂ ಒಂದು ಪುಟ್ಟ ಕೊರಿಯಾ ಕಾರಿನಲ್ಲಿ ತುಂಬಿಕೊಂಡಿದ್ದರು. ಗೇಟಿನ ಮುಂದೆ ಕರಿ ಕಾರು ಮಂಡಿಯೂರಿ ಸ್ವಾಗತಿಸಿತು. ಜಾಂತಾಯ್ ಅದರ ಸುತ್ತ ಎರಡು ಸುತ್ತು ಹಾಕಿದರು. ಅವರ ಮುಖದಲ್ಲಿ ಸಂತೋಷ ಇರಲಿಲ್ಲ. ಹಲ್ಲುನೋವಿನವನು ನಗಲು ಹೋದ ಹಾಗಿತ್ತು.

"ಬಗ್ಗಿದ್ಯಲ್ಲ?" ಎಂದರು.

"ನಿಮಗೋಸ್ಕರ ಬೀಗರೇ," ಎಂದ ಇಸ್ಮನಾಲಿ.

ಜಾಂತಾಯ್‌ರ ಹೆಂಡತಿ ಗಂಡನ ಕಡೆ ಒಂದು ನೋಟ ಬೀರಿದರು. ಜಾಂತಾಯ್ ಐದು ಸಾವಿರ ಸೋಮ್ ತೆಗೆದು ಕೊರುಮ್‌ದುಕ್ ಎಂದು ಬಾನೆಟ್ ಮೇಲಿಟ್ಟರು.

ಓಲೆ ಶಾಸ್ತ್ರ ಸುಸೂತ್ರವಾಗಿ ಮುಗಿಯಿತು. ಐಜಿರೆಕ್ ನಾಚಿದಳು, ಹೆಂಗಸರು ಕಣ್ಣೊರೆಸಿಕೊಂಡರು. ಆಮೇಲೆ ನೆಲದ ಮೇಲೆ ಹಾಸಿದ ಉದ್ದನೆ ಬಟ್ಟೆಯ ಸುತ್ತ ಊಟಕ್ಕೆ ಕೂತೆವು. ಬೋರ್ಸೋಕ್ ಎಂಬ ಕರಿದ ಹಿಟ್ಟಿನ ತುಣುಕುಗಳು ರಾಶಿ ಬಿದ್ದಿದ್ದವು. ಹಿರಿಯರಿಗೆ ಸಲ್ಲುವ ಕುರಿಯ ತಲೆಯನ್ನು ಸುಯುನ್‌ಬಾಯ್ ತಾತನ ಮುಂದೆ ಇಟ್ಟಿದ್ದಾಯಿತು. ಎಲ್ಲ ಚೆನ್ನಾಗಿ ನಡೆಯುತ್ತಿರುವಾಗ ಸುಮ್ಮನಿರಬೇಕಾದ ಇಸ್ಮನಾಲಿ, ಅಭ್ಯಾಸ ಬಲದಿಂದ, "ನಮ್ಮ ಕಾರಿನ ಪುಸ್ತಕದಲ್ಲಿ ಮೂವತ್ತೊಂದು ಮುದ್ರೆ ಇದೆ," ಎಂದುಬಿಟ್ಟ.

"ಮರೆತೇಬಿಟ್ಟಿದ್ದೆ," ಎಂದರು ಕನಿಶಾಯ್ ಅಕ್ಕ. ಹೊಸ ಕಾಲು ಹಾಕಿದ ಕನ್ನಡಕ ಏರಿಸಿ ಕೈ ಚಾಚಿದರು. "ಕೊಡಿಲ್ಲಿ. ನಲವತ್ತು ವರ್ಷ ಜರ್ಮನ್ ಕಲ್ಸಿದೀನಿ, ಇವತ್ತಿನ ತನಕ ಒಬ್ರೂ ಒಂದು ಚೀಟಿ ತಂದು ಓದಿ ಅಂದಿಲ್ಲ."

ಗಂಟಲು ಸರಿಮಾಡಿಕೊಂಡು, ಒಂದು ಸಾಲು ಜರ್ಮನ್‌ನಲ್ಲಿ ಓದಿ, ಆಮೇಲೆ ನಮ್ಮ ಮಾತಿನಲ್ಲಿ ಹೇಳತೊಡಗಿದರು. ತರಗತಿಯ ದನಿ ಹಾಗೇ ಇತ್ತು. ನಾವೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂತೆವು.

"ಮಾಲೀಕರು, ಹಲ್ಲಿನ ಡಾಕ್ಟರ್ ಹೋಲ್ಟ್‌ಮಾನ್. ಮಾರ್ಚ್ ಹನ್ನೆರಡು. ಮುಂದಿನ ಬಲಗಡೆ ಕುಸೀತಿದೆ ಅಂತ ಮಾಲೀಕರ ದೂರು. ಗಾಳಿ ಚೀಲ ಬದಲಾಯಿಸಿದ್ದೇವೆ." ಕೆಳಗಿನ ಖರ್ಚಿನ ಅಂಕಿ ಓದಿದರು.

ನಾನು ಬಾಯಿ ತಪ್ಪಿ, "ಒಂದು ಹಸು," ಎಂದೆ.

"ಏಪ್ರಿಲ್ ಒಂಬತ್ತು. ಮುಂದಿನ ಎಡಗಡೆ ಕುಸೀತಿದೆ."

"ಇನ್ನೊಂದು ಹಸು," ಎಂದರು ಸುಯುನ್‌ಬಾಯ್ ತಾತ. ಅವರಿಗೆ ಲೆಕ್ಕ ಹಿಡಿಸಿಬಿಟ್ಟಿತು. ಬೋರ್ಸೋಕ್‌ಗಳನ್ನು ಮುಂದೆ ಎಳೆದುಕೊಂಡು ಒಂದೊಂದು ಹಸುವಿಗೆ ಒಂದೊಂದು ಜೋಡಿಸತೊಡಗಿದರು.

"ಜೂನ್ ಎರಡು. ಗಾಳಿ ಊದುವ ಯಂತ್ರ. ಜುಲೈ, ಅದೇ ಯಂತ್ರ ಮತ್ತೊಮ್ಮೆ. ಸೆಪ್ಟೆಂಬರ್, ಗೇರ್ ಪೆಟ್ಟಿಗೆ. ಅಕ್ಟೋಬರ್, ಓಡಿಸುವಾಗ ಒಂದು ಸದ್ದು ಬರುತ್ತೆ ಅಂತ ಮಾಲೀಕರು ಹೇಳ್ತಾರೆ. ನಮಗೆ ಕೇಳಿಸಲಿಲ್ಲ."

"ಕೇಳ್ಸಲ್ಲ ಅವ್ರಿಗೆ," ಎಂದರು ಜಾಂತಾಯ್‌ರ ಹೆಂಡತಿ, ಕಹಿಯಾಗಿ. "ರಿಪೇರಿಯೋರಿಗೆ ಯಾವತ್ತು ಕೇಳ್ಸಿದೆ?"

"ನವೆಂಬರ್. ಸದ್ದು ಇನ್ನೂ ಇದೆ ಅಂತ ಮಾಲೀಕರು. ನಮಗೆ ಕೇಳಿಸಲಿಲ್ಲ. ಡಿಸೆಂಬರ್. ಮಾಲೀಕರು ಈ ಸಲ ಹೆಂಡತಿಯನ್ನೂ ಕರೆತಂದಿದ್ದರು. ಹೆಂಡತಿಗೂ ಸದ್ದು ಕೇಳಿಸುತ್ತೆ."

ಮಾಂಸಕ್ಕೆ ಕೈ ಹಾಕುವವರೇ ಇಲ್ಲ. ಯಾರೋ "ಆ ಡಾಕ್ಟರಪ್ಪಂಗೆ ಮಕ್ಕಳಿದ್ರಾ?" ಎಂದರು. ಕನಿಶಾಯ್ ಅಕ್ಕ ಹಾಳೆ ತಿರುಗಿಸಿದರು. ಎರಡನೇ ವರ್ಷ, ಮೂರನೇ ವರ್ಷ. ಮುಂದಿನ ಬಲಗಡೆ ಮತ್ತೆ ಕುಸಿಯಿತು. ಕಿಟಕಿ ಇಳಿದದ್ದು ಏರಲಿಲ್ಲ. ಸೀಟು ಏರಿದ್ದು ಇಳಿಯಲಿಲ್ಲ.

"ಫೆಬ್ರವರಿ. ಸದ್ದು ನಮಗೂ ಕೇಳಿಸಿತು. ಎಲ್ಲಿಂದ ಅಂತ ಗೊತ್ತಾಗಲಿಲ್ಲ. ಮಾಲೀಕರು ಬಸ್ಸಿನಲ್ಲಿ ಬಂದು ದುಡ್ಡು ಕಟ್ಟಿ ಹೋದರು." ಅಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ಏರಿಸಿದರು. "ಇದು ಕೊನೇ ಹಾಳೆ. ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿ ಕೊಟ್ಟೆವು. ಮಾಲೀಕರು ಪಟ್ಟಿ ಹಿಡಿದುಕೊಂಡು ಕಾರಿನಲ್ಲಿ ಸ್ವಲ್ಪ ಹೊತ್ತು ಕೂತಿದ್ದರು. ಆಮೇಲೆ ಕೀಲಿ ಮೇಜಿನ ಮೇಲಿಟ್ಟು ನಡೆದುಕೊಂಡು ಹೋದರು."

ಪುಸ್ತಕ ಮುಚ್ಚಿದರು. ಸುಯುನ್‌ಬಾಯ್ ತಾತನ ಮುಂದೆ ಬೋರ್ಸೋಕ್‌ಗಳ ಒಂದು ಹಿಂಡೇ ನಿಂತಿತ್ತು.

"ಹನ್ನೊಂದು ಹಸು, ನಾಲ್ಕು ಕುದುರೆ, ತೊಂಬತ್ತು ಕುರಿ," ಎಂದರು ತಾತ. "ಒಂದು ಜಮೀನ್ದಾರಿಕೆ ಮೇಯ್ದಿದೆ ಈ ಕಾರು."

ಜಾಂತಾಯ್ ಎದ್ದರು. ಫೋನು ಹಿಡಿದು ಹೊರಗೆ ನಡೆದರು. ಮದುವೆ ಮುರಿಯಿತು ಎಂದು ಇಸ್ಮನಾಲಿಗೆ ಖಾತ್ರಿಯಾಯಿತು; ನನಗೂ ಆಯಿತು. ಒಳಗಿನಿಂದ ಬಂದ ಐಜಿರೆಕ್ ಕಿವಿಯ ಹೊಸ ಓಲೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಲಾಗದೆ ಇಸ್ಮನಾಲಿ ಬೀಗರ ಹಿಂದೆ ಓಡಿದ. ನಾನೂ ಓಡಿದೆ, ತಾತ ಕೋಲೂರಿಕೊಂಡು ಹಿಂದೆ ಬಂದರು.

ಜಾಂತಾಯ್ ಕರಿ ಕಾರಿಗೆ ಬೆನ್ನು ಹಾಕಿ ಫೋನಿನಲ್ಲಿ ಅರಚುತ್ತಿದ್ದರು: "ಬೇಡ ಅಂದ್ರೆ ಬೇಡ ಕಣಯ್ಯ. ಸೋಮವಾರ ನಾನು ಬರಲ್ಲ. ಮುಂಗಡ ನೀನೇ ಇಟ್ಕೋ. ಮುದ್ರೆ ಎಷ್ಟಿದೆ ಅಂದೆ? ನಲವತ್ತಾ? ಹಾಗಾದ್ರೆ ಇನ್ನೂ ಬೇಡ."

ಫೋನು ಜೇಬಿಗಿಟ್ಟು ತಿರುಗಿದರು. ಇಸ್ಮನಾಲಿಯನ್ನು ಕಂಡವರೇ ಎರಡೂ ಕೈಯಿಂದ ತಬ್ಬಿಕೊಂಡರು.

"ಬೀಗರೇ, ಉಳಿಸಿಬಿಟ್ರಿ ನನ್ನ. ನಿಮ್ಮ ಗೇಟಿನ ಮುಂದೆ ಜರ್ಮನ್ ಕಾರು ಇದೆ ಅಂತ ಕೇಳಿದಾಗಿಂದ ನನ್ನ ಹೆಂಡ್ತಿ ನಂಗೆ ನಿದ್ದೆ ಮಾಡೋಕೆ ಬಿಟ್ಟಿಲ್ಲ. ಬೀಗರಿಗಿಂತ ಚಿಕ್ಕ ಕಾರಲ್ಲಿ ಹೇಗೆ ಹೋಗೋದು ಅಂತ. ಬಿಷ್ಕೆಕ್‌ನಲ್ಲಿ ಇದಕ್ಕಿಂತ ದೊಡ್ಡದು, ಬಿಳೀದು, ಮಾತಾಡಿಟ್ಟಿದ್ದೆ. ಸೋಮವಾರ ಈ ವರ್ಷದ ಉಣ್ಣೆಯೆಲ್ಲ ಮಾರಿ ತರೋನಿದ್ದೆ."

ಇಸ್ಮನಾಲಿಯ ಬಾಯಿಯ ಬಾಗಿಲು ಆಗ ಪೂರ್ತಿ ತೆರೆದುಕೊಂಡಿತು. ಈ ಸಲ ಒಳ್ಳೆಯದಕ್ಕೇ ತೆರೆಯಿತು. ಕಾರು ತನ್ನದಲ್ಲ ಎಂದ. ಲಾಡಾ ಒತ್ತೆ ಇದೆ ಎಂದ. ಭಾನುವಾರ ಕುದುರೆ ಕೊಡಬೇಕು, ಕೊಡದಿದ್ದರೆ ಹೋದ ಹಾಗೇ ವಾಪಸು ತರಬೇಕು, ಹೋಗುವಾಗ ಇದು ನಿಂತಿತ್ತು, ಈಗ ಕೂತಿದೆ, ಊರಿನವರ ಕಾಣಿಕೆ ತಿಂದಿದ್ದೇನೆ, ತಾತನ ಹಾರೈಕೆ ತಗೊಂಡಿದ್ದೇನೆ, ನನ್ನ ಹೆಂಡತಿ ಎರಡು ದಿನದಿಂದ ಕುದುರೆ ಜೊತೆ ಮಾತ್ರ ಮಾತಾಡ್ತಾಳೆ ಎಂದು ಗಳಗಳ ಅತ್ತುಬಿಟ್ಟ.

ಸುಯುನ್‌ಬಾಯ್ ತಾತ ಗಡ್ಡ ನೀವಿಕೊಂಡರು. ಕೋಲಿನಿಂದ ಕಾರಿನ ಮೂತಿ ಮುಟ್ಟಿದರು.

"ನಾನು ಹರಸಿದ್ದು ನಿಂತಿರೋ ಗಾಡೀನ. ಇದು ಮಲಗಿದೆ. ಇದನ್ನ ನಾನು ಹರಸೇ ಇಲ್ಲ. ಭಾನುವಾರ ನಾನೂ ಬರ್ತೀನಿ."

ಭಾನುವಾರ ಹೊಟ್ಟೆಯೊಳಗೆ ನರಳುವ ಆ ಕಾರಿನಲ್ಲಿ ತಾತನನ್ನು ಮುಂದೆ ಕೂರಿಸಿಕೊಂಡು ಹೊರಟೆವು. ದಾರಿಯುದ್ದಕ್ಕೂ ಎಲ್ಲಿಂದಲೋ ಒಂದು ಸದ್ದು ಬರುತ್ತಿತ್ತು. ಹೋಲ್ಟ್‌ಮಾನ್ ಡಾಕ್ಟರ್ ಹೇಳಿದ್ದು ನಿಜ. ದನದ ಸಂತೆ ಮುಗಿಸಿದ ಜನ ರಿಸ್ಕುಲ್‌ನ ಅಂಗಳದಲ್ಲಿ ತುಂಬಿದ್ದರು. ತಾತ ಇಳಿದು ರಿಸ್ಕುಲ್‌ನ ಕುರ್ಚಿಯಲ್ಲೇ ಕೂತು ಚಹಾ ಕೇಳಿದರು. ಹಿರಿಯರು ಕೇಳಿದ ಮೇಲೆ ಅವನು ತರಲೇಬೇಕಾಯಿತು.

"ಕುದುರೆ ಎಲ್ಲಿ?" ಎಂದ ರಿಸ್ಕುಲ್.

"ನಿಮ್ಮಪ್ಪ ನಂಗೆ ಗೊತ್ತು," ಎಂದರು ತಾತ. "ಅವನೂ ಇದೇ ಸಂತೇಲಿ ಕುದುರೆ ಮಾರ್ತಿದ್ದ. ಮಾರಿದ ಪ್ರಾಣಿ ಮೂರು ದಿನದೊಳಗೆ ಸುಮ್ ಸುಮ್ನೆ ಮಲಗಿಬಿಟ್ರೆ ಅವನೇನ್ ಮಾಡ್ತಿದ್ದ?"

ರಿಸ್ಕುಲ್ ತಲೆ ಕೆರೆದುಕೊಂಡ. "ವಾಪಸ್ ತಗೋತಿದ್ದ."

"ಮಾತಾಡ್ದೆ ತಗೋತಿದ್ದನಾ, ಮಾತಾಡಿ ತಗೋತಿದ್ದನಾ?"

"ತಾತ, ಅದು ಪ್ರಾಣಿ ವಿಷ್ಯ. ಇದು ಕಾರು. ಕಾರು ಎಲ್ಲಾದ್ರೂ ಮಲಗುತ್ತಾ?"

ತಾತ ಚಹಾ ಊದಿ ಊದಿ ಕುಡಿದರು. ಅಂಗಳದವರೆಲ್ಲ ಮೆಲ್ಲಗೆ ಹತ್ತಿರ ಸೇರಿದರು. ತಾತ ಎರಡನೇ ಬಟ್ಟಲು ಕೇಳಿದರು. ಅದು ಅರ್ಧ ಮುಗಿದಿರಬಹುದು, ನಮ್ಮ ಹಿಂದೆ ಉಸ್ಸ್ ಎಂದು ದೀರ್ಘವಾದ ನಿಟ್ಟುಸಿರು ಕೇಳಿಸಿತು. ಕರಿ ಕಾರು ಅಷ್ಟೂ ಗಿರಾಕಿಗಳ ಎದುರು ಮೊದಲು ಬಲಗಡೆ, ಆಮೇಲೆ ಎಡಗಡೆ ಇಳಿದು, ಮೂತಿಯನ್ನು ನೆಲಕ್ಕೆ ಊರಿತು.

"ಮಲಗ್ತು," ಎಂದ ಗುಂಪಿನಲ್ಲೊಬ್ಬ. ಇನ್ನೊಬ್ಬ, ಪಕ್ಕದ ನೀಲಿ ಕಾರಿಗೆ ಬೆಲೆ ಮಾತಾಡುತ್ತಿದ್ದವನು, ಎರಡು ಹೆಜ್ಜೆ ಹಿಂದೆ ಸರಿದು, "ಇದೂ ಮಲಗುತ್ತೇನಪ್ಪ?" ಎಂದು ರಿಸ್ಕುಲ್‌ನನ್ನೇ ಕೇಳಿದ.

ಲಾಡಾದ ಕೀಲಿ ಅಷ್ಟು ಬೇಗ ಜೇಬಿನಿಂದ ಹೊರಬಂದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. "ತಗೊಳ್ಳಿ ಅಣ್ಣ, ಬೇಗ ಹೊರಡಿ," ಎಂದ ರಿಸ್ಕುಲ್.

ಇಸ್ಮನಾಲಿ ಲಾಡಾದ ಬಾಗಿಲು ಧಡಾರ್ ಎಂದು ಹಾಕಿದ. ಎಂಜಿನ್ ಕೆಮ್ಮಿ, ಉಗುಳಿ, ಹೊರಟಿತು. ಅವನು ಸ್ಟೀರಿಂಗ್ ಹಿಡಿದು ನಗುತ್ತಿದ್ದ, ಕಣ್ಣಲ್ಲಿ ನೀರು. ಆದರೆ ಬೀದಿ ಹತ್ತಿರ ಬಂದಂತೆ ನಗು ಇಳಿಯಿತು. "ಕಾಣಿಕೆ ಚೊರೊ. ಮನೆಮನೆಗೂ ಹೋಗಿ ವಾಪಸ್ ಕೊಡ್ಬೇಕಲ್ಲ. ಮುಖ ಎಲ್ಲಿಟ್ಕೊಳ್ಲಿ?"

ಅವನ ಗೇಟಿನ ಮುಂದೆ ಆಗಲೇ ಬೀದಿಯೆಲ್ಲ ಸೇರಿತ್ತು. ಇಳಿದು ನೋಡಿದರೆ ಕೊಟ್ಟಿಗೆಯ ಬಾಗಿಲು ತೆರೆದಿದೆ. ಹುಲ್ಲಿನ ಮೇಲೆ ತೋರು ನಿಂತಿದೆ. ಅದರ ಹೊಟ್ಟೆಯಡಿಯಲ್ಲಿ, ಮೈ ಇನ್ನೂ ಒದ್ದೆ, ಕಡ್ಡಿಯಂಥ ಕಾಲುಗಳ ಒಂದು ಕರಿ ಮರಿ. ಎದ್ದಿತು, ಬಿತ್ತು, ಮತ್ತೆ ಎದ್ದಿತು. ಈ ಸಲ ನಿಂತೇ ಬಿಟ್ಟಿತು.

ಸಾಲ್ಕಿನ್ ಗಂಡನ ಹಿಂದಿದ್ದ ಲಾಡಾ ನೋಡಿದಳು. ಒಂದು ಉದ್ದನೆ ಉಸಿರು ಬಿಟ್ಟಳು. ಮೂರು ದಿನದ ನಂತರ ಅವನೊಡನೆ ಆಡಿದ ಮೊದಲ ಮಾತು: "ಊಟ ಮಾಡಿದ್ಯಾ?"

ಕನಿಶಾಯ್ ಅಕ್ಕ ಮರಿಯನ್ನು ನೋಡಿ ಜೇಬಿಗೆ ಕೈ ಹಾಕಿದರು. ಸುಯುನ್‌ಬಾಯ್ ತಾತ ಕೋಲು ಅಡ್ಡ ಹಿಡಿದರು.

"ಯಾರೂ ಜೇಬು ಮುಟ್ಬೇಡಿ. ಈ ಮನೆಗೆ ಒಂದು ಕರೀದು ಹೊಸದಾಗಿ ಬರುತ್ತೆ ಅಂತ ನೀವೆಲ್ಲ ಬುಧವಾರವೇ ಕೊಟ್ಟಿದೀರ. ಬಂದಿದೆ. ನೋಡ್ಕೊಳ್ಳಿ."

ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ನಕ್ಕು, ಮರಿಯನ್ನು ಕಣ್ತುಂಬ ನೋಡಿದರು. ನಾನೂ ನನ್ನ ನೂರು ಸೋಮ್‌ಗೆ ಆಗುವಷ್ಟು ನೋಡಿದೆ.

ಜೂನ್‌ನಲ್ಲಿ ಮದುವೆ ಮಾತಿಗೆ ಬರುತ್ತೇವೆಂದು ಜಾಂತಾಯ್ ಅವತ್ತೇ ಸಂಜೆ ಫೋನು ಮಾಡಿದರು. ನಾನು ಲಾಡಾದ ಕೆಳಗಿದ್ದೆ.

"ಒಂದೇ ಕಷ್ಟ ಬೀಗರೇ. ನನ್ನ ತಮ್ಮಂದಿರೂ ಬರ್ತಾರೆ, ಬೇರೆ ಕಾರಲ್ಲಿ. ಅವ್ರಿಗೆ ಮನೆ ಗೊತ್ತಿಲ್ಲ. ಗುರ್ತು ಏನು ಹೇಳ್ಲಿ?"

ನಾನು ಹಣೆಗೆ ಕೈ ಅಡ್ಡ ಇಟ್ಟುಕೊಂಡು ಕಾದೆ. ಇಸ್ಮನಾಲಿ ಈ ಸಲ ಒಂದು ಕ್ಷಣ ಯೋಚಿಸಿದ್ದು ಕಾರಿನ ಕೆಳಗಿದ್ದ ನನಗೂ ಗೊತ್ತಾಯಿತು.

"ಗೇಟಿನ ಮುಂದೆ ಒಂದು ಕರೀ ಕುದುರೆಮರಿ ಇರುತ್ತೆ ಬೀಗರೇ," ಎಂದ. "ಎದ್ದು ನಿಂತಿರುತ್ತೆ."